ಪಾಷಾಣ ಮೇಯುವ ಕುರಿಗಳು: ನಾರ್ತ್ ರೊನಾಲ್ಡ್ಸೇ ದ್ವೀಪದ ಒಂದು ಪ್ರಕರಣ ಅಧ್ಯಯನ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಹರಡಿಕೊಂಡಿರುವ ಆರ್ಕ್ನಿ ದ್ವೀಪಗಳ ಸಾಲಿನಲ್ಲಿ ಎಲ್ಲಕ್ಕಿಂತ ಉತ್ತರಕ್ಕಿರುವುದು ನಾರ್ತ್ ರೊನಾಲ್ಡ್ಸೇ. ನೂರಕ್ಕಿಂತ ಕಡಿಮೆ ಜನ ವಾಸಿಸುವ ಈ ಪುಟ್ಟ ದ್ವೀಪದ ಸುತ್ತ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಯೊಂದಿದೆ. 1832ರ ಸುಮಾರಿಗೆ ಎದ್ದ ಆ ಗೋಡೆಯ ಉದ್ದ ಸುಮಾರು 21 ಕಿಲೋಮೀಟರ್. ಸಾಮಾನ್ಯವಾಗಿ ಬೇಲಿ ಹಾಕುವುದು ದನಕರುಗಳನ್ನು ಒಳಗೆ ಕಾಯಲೆಂದು. ಇಲ್ಲಿ ಮಾತ್ರ ಕುರಿಗಳನ್ನು ಹೊರಗಿಡಲೆಂದೇ ಗೋಡೆ ಕಟ್ಟಿದರು. ಕಡಲಪಾಚಿಯನ್ನು ಸುಟ್ಟು ಅದರ ಬೂದಿಯನ್ನು ಗಾಜು ಮತ್ತು ಸಾಬೂನು ತಯಾರಕರಿಗೆ ಮಾರುವ ವ್ಯಾಪಾರ ಕುಸಿದುಬಿದ್ದ ಕಾಲ ಅದು. ಒಳನಾಡಿನ ನೆಲವನ್ನು ಬೇಸಾಯಕ್ಕೂ ದನಗಳ ಮೇವಿಗೂ ಮೀಸಲಿಡಬೇಕೆಂದು ಹೊರಟ ಭೂಮಾಲೀಕರು ಸ್ಥಳೀಯ ತಳಿಯ ಸಣ್ಣ ಕುರಿಗಳನ್ನು ಗೋಡೆಯಾಚೆ, ಬಂಡೆ ಮತ್ತು ಅಲೆಗಳ ನಡುವಿನ ಕಿರಿದಾದ ಪಟ್ಟಿಗೆ ಅಟ್ಟಿದರು.

ಅಲ್ಲಿ ಹುಲ್ಲು ಇಲ್ಲವೆನ್ನುವಷ್ಟು ಕಡಿಮೆ. ಕುರಿಗಳು ಕಡಲಪಾಚಿಯನ್ನೇ ಮೇಯತೊಡಗಿದವು, ಇಂದಿಗೂ ಅದನ್ನೇ ಮೇಯುತ್ತಿವೆ. ಮರಿ ಹಾಕುವ ಹೊತ್ತಿಗೆ ಹೆಣ್ಣು ಕುರಿಗಳನ್ನು ಕೆಲವು ತಿಂಗಳು ಗೋಡೆಯೊಳಗಿನ ಹುಲ್ಲಿಗೆ ಬಿಡುವುದನ್ನು ಹೊರತುಪಡಿಸಿದರೆ ಈ ತಳಿಯ ಬದುಕೆಲ್ಲ ದಡದ ಮೇಲೆಯೇ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಾಗ ಅವು ಬಂಡೆಗಳಿಗಿಳಿದು ಮೇಯುತ್ತವೆ, ಉಬ್ಬರ ಏರಿದಾಗ ಮೇಲೆ ಬಂದು ಮೆಲುಕು ಹಾಕುತ್ತವೆ. ಬೇರೆಡೆಯ ಕುರಿಗಳು ಚಳಿಗಾಲದಲ್ಲಿ ಸೊರಗಿದರೆ ಇವು ಚಳಿಗಾಲದಲ್ಲೇ ಮೈತುಂಬಿಕೊಳ್ಳುತ್ತವೆ; ಬಿರುಗಾಳಿಗಳು ಆಳದಲ್ಲಿ ಬೆಳೆಯುವ ಕೆಲ್ಪ್ ಎಂಬ ದೊಡ್ಡ ಕಂದು ಪಾಚಿಯನ್ನು ಬುಡಸಹಿತ ಕಿತ್ತು ರಾಶಿ ರಾಶಿಯಾಗಿ ದಡಕ್ಕೆ ಎಸೆಯುವುದು ಆಗಲೇ. ಅವುಗಳ ಮುಖ್ಯ ಆಹಾರ ಲ್ಯಾಮಿನೇರಿಯಾ ಡಿಜಿಟೇಟಾ ಮತ್ತು ಲ್ಯಾಮಿನೇರಿಯಾ ಹೈಪರ್ಬೋರಿಯಾ ಎಂಬ ಎರಡು ಕಂದು ಪಾಚಿಗಳು. ಈ ಪಾಚಿಗಳಲ್ಲಿ ಆರ್ಸೆನಿಕ್ ತುಂಬಿದೆ.

ಕನ್ನಡದಲ್ಲಿ ನಾವು ಇದನ್ನು ಹಿಂದಿನಿಂದಲೂ ಪಾಷಾಣವೆಂದೇ ಕರೆದಿದ್ದೇವೆ, ಮತ್ತು ಆ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ಕೊಲೆ ಅಥವಾ ಆತ್ಮಹತ್ಯೆ. ಆ ಭಯಕ್ಕೆ ಆಧಾರವಿದೆ. ಬಿಳಿ ಪಾಷಾಣವೆಂದು ಹೆಸರಾದ ಆರ್ಸೆನಿಕ್ ಟ್ರೈಆಕ್ಸೈಡ್ ನೂರರಿಂದ ಮುನ್ನೂರು ಮಿಲಿಗ್ರಾಂನಷ್ಟು ಹೊಟ್ಟೆ ಸೇರಿದರೆ ಬೆಳೆದ ಮನುಷ್ಯನೂ ಸಾಯಬಹುದು. ಅಬರ್ಡೀನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಯೋರ್ಗ್ ಫೆಲ್ಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ದಿನಕ್ಕೆ ಎರಡರಿಂದ ನಾಲ್ಕು ಕಿಲೋ ಹಸಿ ಪಾಚಿ ತಿನ್ನುವ ನಾರ್ತ್ ರೊನಾಲ್ಡ್ಸೇ ಕುರಿಯೊಂದರ ಹೊಟ್ಟೆಗೆ ಪ್ರತಿದಿನ 45ರಿಂದ 90 ಮಿಲಿಗ್ರಾಂ ಆರ್ಸೆನಿಕ್ ಇಳಿಯುತ್ತದೆ. ಮನುಷ್ಯನಿಗಿಂತ ಎಷ್ಟೋ ಹಗುರವಾದ ಪ್ರಾಣಿ ಇದು. ಇಷ್ಟು ಪ್ರಮಾಣವನ್ನು ಒಂದು ದಿನವಲ್ಲ, ಒಂದು ವಾರವಲ್ಲ, ತಲೆಮಾರುಗಳ ಉದ್ದಕ್ಕೂ ತಿನ್ನುತ್ತ ಬಂದಿದೆ. ಆದರೂ ಮಂದೆ ಬೆಳೆಯುತ್ತದೆ, ಮರಿ ಹಾಕುತ್ತದೆ, ಉಣ್ಣೆ ಕೊಡುತ್ತದೆ. ಹಾಗಾದರೆ ಆ ಪಾಷಾಣ ಎಲ್ಲಿಂದ ಬಂತು, ಯಾವ ರೂಪದಲ್ಲಿತ್ತು, ಕುರಿಯ ಮೈಯಲ್ಲಿ ಏನಾಯಿತು ಎಂಬುದೇ ಈ ಪ್ರಕರಣದ ವಿಷಯ.

ಮೂಲ ಕಡಲ ನೀರಿನಲ್ಲೇ ಇದೆ. ಯಾವ ಕಾರ್ಖಾನೆಯ ಕೊಳೆಯೂ ಸೇರದ ತೆರೆದ ಸಾಗರದ ನೀರಿನಲ್ಲೂ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಆರ್ಸೆನಿಕ್ ಇರುತ್ತದೆ. ಅದರ ಬಹುಪಾಲು ಆರ್ಸೆನೇಟ್ ರೂಪದಲ್ಲಿದ್ದು, ಆರ್ಸೆನೇಟ್ ಅಯಾನು ಆಕಾರದಲ್ಲೂ ವರ್ತನೆಯಲ್ಲೂ ಫಾಸ್ಫೇಟನ್ನು ಹೋಲುತ್ತದೆ. ಪಾಚಿಗೆ ಫಾಸ್ಫೇಟ್ ಬೇಕೇಬೇಕು, ಅದಿಲ್ಲದೆ ಜೀವಕೋಶಕ್ಕೆ ಶಕ್ತಿಯೂ ಇಲ್ಲ, ವಂಶವಾಹಿಯೂ ಇಲ್ಲ. ಸಮುದ್ರದ ಮೇಲ್ಪದರದಲ್ಲಿ ಫಾಸ್ಫೇಟ್ ಅಪರೂಪವಾದ್ದರಿಂದ ಜೀವಕೋಶ ಅದಕ್ಕಾಗಿ ತೆರೆದಿಟ್ಟ ಬಾಗಿಲಲ್ಲಿ ಆರ್ಸೆನೇಟ್ ಕೂಡ ಒಳಗೆ ನುಸುಳುತ್ತದೆ. ಹೀಗೆ ನುಸುಳಿದ್ದು ಶಕ್ತಿ ಸಂಗ್ರಹಿಸುವ ಅಣುವಿನಲ್ಲಿ ಫಾಸ್ಫೇಟಿನ ಜಾಗದಲ್ಲಿ ಕೂತರೆ ಆ ಬಂಧ ಕ್ಷಣದಲ್ಲಿ ಕಳಚಿಬೀಳುತ್ತದೆ, ಶಕ್ತಿ ಸೋರಿಹೋಗುತ್ತದೆ. ಆರ್ಸೆನೇಟನ್ನು ಆರ್ಸೆನೈಟಾಗಿ ಇಳಿಸಿದರೆ ಅದು ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನೇ ನಿಲ್ಲಿಸುತ್ತದೆ. ಒಳಬಂದ ಅತಿಥಿ ಎರಡೂ ವೇಷದಲ್ಲಿ ಅಪಾಯಕಾರಿ.

ಕಂದು ಪಾಚಿ ಕಂಡುಕೊಂಡ ದಾರಿ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ. ಜೀವಕೋಶಗಳಲ್ಲಿ ಮಿಥೈಲ್ ಗುಂಪುಗಳನ್ನು (ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ಕಟ್ಟು) ದಾನ ಮಾಡುವ ಎಸ್-ಅಡಿನೊಸಿಲ್ ಮಿಥಿಯೊನಿನ್ ಎಂಬ ಅಣುವೊಂದಿದೆ. ಪಾಚಿ ಅದರಿಂದ ಎರಡು ಮಿಥೈಲ್ ಗುಂಪುಗಳನ್ನು ಪಡೆದು ಆರ್ಸೆನಿಕ್ಕಿಗೆ ತೊಡಿಸುತ್ತದೆ. ಮೂರನೆಯ ಸಲ ಮಿಥೈಲ್ ಬದಲು ಅದೇ ಅಣುವಿನ ಇನ್ನೊಂದು ತುದಿಯಾದ ಅಡಿನೊಸಿಲ್ ಭಾಗವನ್ನೇ ಪಡೆಯುತ್ತದೆ. ಆ ಭಾಗದಲ್ಲಿ ರೈಬೋಸ್ ಎಂಬ ಸಕ್ಕರೆ ಸೇರಿಕೊಂಡಿದೆ. ನಂತರ ಆ ಭಾಗದ ಇನ್ನೊಂದು ತುಂಡಾದ ಅಡಿನಿನ್ ಕಳಚಿ ಅದರ ಸ್ಥಾನದಲ್ಲಿ ಗ್ಲಿಸರಾಲ್, ಫಾಸ್ಫೇಟ್, ಸಲ್ಫೋನೇಟ್ ಅಥವಾ ಸಲ್ಫೇಟ್ ಹೊತ್ತ ಬಾಲವೊಂದು ಬಂದು ಕೂರುತ್ತದೆ. ಹೀಗೆ ಹುಟ್ಟುವ ನಾಲ್ಕು ಸಾಮಾನ್ಯ ಸಂಯುಕ್ತಗಳನ್ನು ಆರ್ಸೆನೋಶುಗರ್‌ಗಳೆಂದು ಕರೆಯುತ್ತಾರೆ. ಪಾಷಾಣದ ಪರಮಾಣು ಅಲ್ಲೇ ಇರುತ್ತದೆ, ಆದರೆ ಅದರ ಕೈಗಳೆಲ್ಲ ಇಂಗಾಲ ಮತ್ತು ಆಮ್ಲಜನಕದ ಜೊತೆ ಬೆಸೆದುಹೋಗಿರುವುದರಿಂದ ಫಾಸ್ಫೇಟಿನಂತೆ ನಟಿಸುವ ಶಕ್ತಿಯೂ ಗಂಧಕಕ್ಕೆ ಅಂಟುವ ಶಕ್ತಿಯೂ ಬಹಳಮಟ್ಟಿಗೆ ಉಡುಗಿಹೋಗಿರುತ್ತದೆ. ಅಬರ್ಡೀನಿನ ಲೆಕ್ಕವನ್ನೇ ಹಿಡಿದು ನೋಡಿದರೆ ಒಂದು ಕಿಲೋ ಹಸಿ ಪಾಚಿಯಲ್ಲಿ ಇಪ್ಪತ್ತು ಮಿಲಿಗ್ರಾಂಗೂ ಮೀರಿದ ಆರ್ಸೆನಿಕ್ ಇರುತ್ತದೆ, ಅಂದರೆ ಅದನ್ನು ಸುತ್ತುವರಿದ ನೀರಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು.

ಇದು ಬೆಳಕಿಗೆ ಬಂದದ್ದು ಆರ್ಕ್ನಿಯಲ್ಲಲ್ಲ, ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾನ್ ಎಡ್ಮಂಡ್ಸ್, ಕೆವಿನ್ ಫ್ರಾನ್ಸೆಸ್ಕೋನಿ ಮತ್ತು ಸಂಗಡಿಗರು 1977ರಲ್ಲಿ ಅಲ್ಲಿನ ಕಲ್ಲುಸಿಗಡಿಯ ಮಾಂಸದಿಂದ ಆರ್ಸೆನೋಬೀಟೇನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದರು. ಮೀನು ಸಿಗಡಿಗಳಲ್ಲಿ ಆರ್ಸೆನಿಕ್ ಹೇರಳವಾಗಿದ್ದರೂ ತಿಂದವರಿಗೆ ಏಕೆ ಏನೂ ಆಗುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಅದು ಉತ್ತರವಾಯಿತು: ಆರ್ಸೆನೋಬೀಟೇನ್ ನಮ್ಮ ದೇಹದಲ್ಲಿ ಬದಲಾಗದೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಆದರೆ ಸಿಗಡಿಗೆ ಅದು ಎಲ್ಲಿಂದ ಬಂತು? ಎಡ್ಮಂಡ್ಸ್ ಮತ್ತು ಫ್ರಾನ್ಸೆಸ್ಕೋನಿ ಆಹಾರ ಸರಪಳಿಯ ಬುಡಕ್ಕೆ ಇಳಿದರು, ಮತ್ತು 1981ರಲ್ಲಿ ಎಕ್ಲೋನಿಯಾ ರೇಡಿಯಾಟಾ ಎಂಬ ಕಂದು ಕೆಲ್ಪಿನಲ್ಲಿ ಆರ್ಸೆನೋಶುಗರ್‌ಗಳನ್ನು ಪತ್ತೆಹಚ್ಚಿದರು. ಮರುವರ್ಷ ಅದೇ ಪಾಚಿಯನ್ನು ಆಮ್ಲಜನಕವಿಲ್ಲದೆ ಕೊಳೆಯಲು ಬಿಟ್ಟಾಗ ಸಕ್ಕರೆಯ ಭಾಗ ಮುರಿದು ಡೈಮಿಥೈಲ್ ಆರ್ಸಿನಾಯ್ಲ್ ಎಥನಾಲ್ ಎಂಬ ಚಿಕ್ಕ ಅಣು ಉಳಿಯುವುದನ್ನು ಕಂಡರು. ಅದರಿಂದ ಆರ್ಸೆನೋಬೀಟೇನಿಗೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಹೆಚ್ಚು ದೂರವಿಲ್ಲ.

ಈ ಹಿನ್ನೆಲೆಯಿಲ್ಲದೆ ಆರ್ಕ್ನಿಯ ಕುರಿಗಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ. ಸಮುದ್ರದ ತಳದಲ್ಲಿ ಬಸವನಹುಳು, ಸಿಗಡಿ, ಬ್ಯಾಕ್ಟೀರಿಯಾಗಳ ನಡುವೆ ಕಣ್ಣಿಗೆ ಕಾಣದಂತೆ ನಡೆಯುವ ವ್ಯವಹಾರವೊಂದು ನಾರ್ತ್ ರೊನಾಲ್ಡ್ಸೇಯಲ್ಲಿ ನಾಲ್ಕು ಕಾಲಿನ ಮೇಲೆ ದಡಕ್ಕೆ ಬಂದು ನಿಂತಿದೆ. ದೊಡ್ಡ ಸಸ್ತನಿಯೊಂದು ಬಹುತೇಕ ಇಡೀ ವರ್ಷ ಆರ್ಸೆನೋಶುಗರ್ ತಿಂದು ಬದುಕುವ ಇಂಥ ನಿದರ್ಶನ ಸಿಗುವುದು ಕಷ್ಟ.

ಫೆಲ್ಡ್‌ಮನ್ ತಂಡ 20 ನಾರ್ತ್ ರೊನಾಲ್ಡ್ಸೇ ಕುರಿಗಳ ಮೂತ್ರ, ರಕ್ತ ಮತ್ತು ಉಣ್ಣೆಯನ್ನು ಸಂಗ್ರಹಿಸಿತು. 11 ಕುರಿಗಳ ಮೂತ್ರಪಿಂಡ, ಯಕೃತ್ತು ಮತ್ತು ಮಾಂಸವನ್ನೂ ಪರೀಕ್ಷೆಗೆ ಒಳಪಡಿಸಿತು. ಹೋಲಿಕೆಗೆಂದು ಬರೀ ಹುಲ್ಲು ಮೇಯುವ ಐದು ಡಾರ್ಸೆಟ್ ಫಿನ್ ಕುರಿಗಳನ್ನು ಆರಿಸಿಕೊಂಡಿತು. ವಿಧಾನದ ತಿರುಳು ಹೀಗಿದೆ: ಮೊದಲು ದ್ರವ ವರ್ಣರೇಖನದಿಂದ ಒಂದೊಂದು ಆರ್ಸೆನಿಕ್ ಸಂಯುಕ್ತವೂ ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ಸಾಲುಗಟ್ಟಿಸುವುದು, ನಂತರ ಹಾಗೆ ಬಂದುದನ್ನೆಲ್ಲ ಹಲವು ಸಾವಿರ ಡಿಗ್ರಿ ತಾಪದ ಪ್ಲಾಸ್ಮಾದಲ್ಲಿ ಸುಟ್ಟು ದ್ರವ್ಯರಾಶಿ ಮಾಪಕದಲ್ಲಿ ಆರ್ಸೆನಿಕ್ ಪರಮಾಣುಗಳನ್ನು ಎಣಿಸುವುದು. ಒಟ್ಟು 13 ಬಗೆಯ ಆರ್ಸೆನಿಕ್ ಸಂಯುಕ್ತಗಳನ್ನು ಅವರು ಹೀಗೆ ಬೇರ್ಪಡಿಸಬಲ್ಲವರಾಗಿದ್ದರು. ಒಟ್ಟು ಆರ್ಸೆನಿಕ್ ಎಷ್ಟು ಎಂದಷ್ಟೇ ಅಳೆದು ಸುಮ್ಮನಾಗಿದ್ದರೆ ಈ ಕುರಿಗಳು ಬದುಕಿರಲೇಬಾರದು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತಿತ್ತು.

ಅಂಕಿಗಳು ದೊಡ್ಡವೇ. ಮೂತ್ರದಲ್ಲಿ ಸರಾಸರಿ ಲೀಟರಿಗೆ 3179 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬುದನ್ನು ನೆನೆದರೆ ಆ ಸಂಖ್ಯೆಯ ಗಾತ್ರ ಮನಸ್ಸಿಗೆ ನಾಟುತ್ತದೆ. ರಕ್ತದಲ್ಲಿ ಕಿಲೋಗೆ 44 ಮೈಕ್ರೋಗ್ರಾಂ, ಯಕೃತ್ತಿನಲ್ಲಿ 292, ಮೂತ್ರಪಿಂಡದಲ್ಲಿ 565, ಮಾಂಸಖಂಡದಲ್ಲಿ 680. ಉಣ್ಣೆಯಲ್ಲಂತೂ ಕಿಲೋಗೆ ಹತ್ತು ಮಿಲಿಗ್ರಾಂಗೂ ಮಿಗಿಲು. ಇವೆಲ್ಲ ಪಾಚಿ ತಿನ್ನದ ಕುರಿಗಳ ಮಟ್ಟಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಆದರೂ ನಾವು ನಿಶ್ಚಿಂತೆಯಿಂದ ತಿನ್ನುವ ಎಷ್ಟೋ ಸಮುದ್ರ ಮೀನುಗಳಲ್ಲಿ ಕಿಲೋಗೆ ಹಲವು ಮಿಲಿಗ್ರಾಂ ಆರ್ಸೆನಿಕ್ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ದಿನವೂ ಇಷ್ಟು ನುಂಗುವ ಪ್ರಾಣಿಯ ಮಾಂಸದಲ್ಲಿ ಒಂದು ಮಿಲಿಗ್ರಾಂ ಕೂಡ ಉಳಿಯದಿರುವುದೇ ಹೆಚ್ಚು ಗಮನಾರ್ಹ. ಬಂದದ್ದು ಬಂದಹಾಗೆ ಹೊರಗೆ ಹೋಗುತ್ತಿದೆ.

ಆದರೆ ಬಂದ ರೂಪದಲ್ಲೇ ಹೋಗುತ್ತಿಲ್ಲ. ಕುರಿ ತಿಂದದ್ದು ಆರ್ಸೆನೋಶುಗರ್. ಮೂತ್ರದಲ್ಲಿ ಕಂಡದ್ದರಲ್ಲಿ ಸುಮಾರು 95 ಶೇಕಡಾ ಡೈಮಿಥೈಲ್ ಆರ್ಸಿನಿಕ್ ಆಮ್ಲ. ಸಕ್ಕರೆಯನ್ನು ಕಿತ್ತುಹಾಕಿ ಎರಡು ಮಿಥೈಲ್ ಗುಂಪುಗಳನ್ನು ಮಾತ್ರ ಉಳಿಸಿಕೊಂಡ ಆರ್ಸೆನಿಕ್ ಅದು. ಆಮ್ಲಜನಕವಿಲ್ಲದ, ಸೂಕ್ಷ್ಮಜೀವಿಗಳಿಂದ ತುಂಬಿದ, ಗಂಧಕದ ಅನಿಲ ಹುಟ್ಟುವ ಕುರಿಯ ಮೊದಲ ಹೊಟ್ಟೆಗೂ ದಡದಲ್ಲಿ ಕೊಳೆಯುತ್ತ ಬಿದ್ದ ಪಾಚಿಯ ರಾಶಿಯ ಒಳಪದರಕ್ಕೂ ಹೆಚ್ಚು ವ್ಯತ್ಯಾಸವಿಲ್ಲವೆಂದು ನನಗನ್ನಿಸುತ್ತದೆ. ಅಬರ್ಡೀನ್ ತಂಡದ ಹೆಲ್ಲೆ ಹ್ಯಾನ್ಸನ್ ಮತ್ತು ಸಂಗಡಿಗರು 2004ರಲ್ಲಿ ಇವೇ ಕುರಿಗಳ ಮೂತ್ರದಲ್ಲಿ ಆಮ್ಲಜನಕದ ಜಾಗದಲ್ಲಿ ಗಂಧಕವನ್ನು ಹೊತ್ತ ಆರ್ಸೆನಿಕ್ ಸಂಯುಕ್ತವೊಂದನ್ನು ಗುರುತಿಸಿದಾಗ ಈ ಹೋಲಿಕೆಗೆ ಇನ್ನಷ್ಟು ಬಲ ಬಂತು. ಸಸ್ತನಿಯೊಂದರ ದೇಹದಿಂದ ಹೊರಬಂದ ಆ ವರ್ಗದ ಸಂಯುಕ್ತ ಪತ್ತೆಯಾದದ್ದು ಅದೇ ಮೊದಲು.

ಹೀಗಾಗಿ ಆರ್ಸೆನೋಶುಗರ್ ನಿರಪಾಯಕಾರಿ ಎಂದು ಮುದ್ರೆಯೊತ್ತಿ ಕಡತ ಮುಚ್ಚಲು ಬರುವುದಿಲ್ಲ. ಆರ್ಸೆನೋಬೀಟೇನಿನಂತೆ ಅದು ಬದಲಾಗದೆ ಹೊರಹೋಗುವ ವಸ್ತುವಲ್ಲ. 2002ರಲ್ಲಿ ಪ್ರಕಟವಾದ ಫ್ರಾನ್ಸೆಸ್ಕೋನಿ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಆರ್ಸೆನೋಶುಗರನ್ನು ಸ್ವಯಂಸೇವಕರೊಬ್ಬರು ಸೇವಿಸಿದಾಗ ಮುಂದಿನ ನಾಲ್ಕು ದಿನಗಳಲ್ಲಿ ಅವರ ಮೂತ್ರದಲ್ಲಿ ಕನಿಷ್ಠ 12 ಬಗೆಯ ಆರ್ಸೆನಿಕ್ ಸಂಯುಕ್ತಗಳು ಕಾಣಿಸಿಕೊಂಡವು, ಅವುಗಳಲ್ಲಿ ಮುಖ್ಯವಾದದ್ದು ಮತ್ತೆ ಅದೇ ಡೈಮಿಥೈಲ್ ಆರ್ಸಿನಿಕ್ ಆಮ್ಲ. ಆ ಆಮ್ಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ 2ಬಿ ಗುಂಪಿನಲ್ಲಿ ಇರಿಸಿದೆ. ನಿರವಯವ ಆರ್ಸೆನಿಕ್, ಅಂದರೆ ಇಂಗಾಲಕ್ಕೆ ಬೆಸೆಯದ ಆರ್ಸೆನೇಟ್, ಆರ್ಸೆನೈಟ್‌ನಂಥ ರೂಪಗಳು, ಇರುವುದು ಖಚಿತ ಕಾರಣಗಳ ಮೊದಲ ಗುಂಪಿನಲ್ಲಿ. ಆರ್ಸೆನೋಬೀಟೇನ್ ಇರುವುದು ವರ್ಗೀಕರಿಸಲು ಆಧಾರವಿಲ್ಲದ ಮೂರನೆಯ ಗುಂಪಿನಲ್ಲಿ. ಒಂದೇ ಪರಮಾಣು, ಮೂರು ಗುಂಪುಗಳು.

ಪಾಚಿಗಳಲ್ಲೂ ಎಲ್ಲವೂ ಒಂದೇ ಅಲ್ಲ. ಜಪಾನಿನವರು ಹಿಜಿಕಿ ಎಂದು ಕರೆದು ಅಡುಗೆಗೆ ಬಳಸುವ ಸರ್ಗಾಸಮ್ ಫ್ಯೂಸಿಫಾರ್ಮೆ ಎಂಬ ಕಂದು ಪಾಚಿ ತನ್ನೊಳಗಿನ ಆರ್ಸೆನಿಕ್ಕಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಸಕ್ಕರೆಗೆ ಬೆಸೆಯದೆ ನಿರವಯವ ರೂಪದಲ್ಲೇ ಇಟ್ಟುಕೊಂಡಿರುತ್ತದೆ. ಕೆನಡಾ 2001ರಲ್ಲಿ, ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ, ಅದನ್ನು ತಿನ್ನಬೇಡಿ ಎಂದು ಸಾರ್ವಜನಿಕರಿಗೆ ಸಲಹೆ ನೀಡಿದವು. ಆ ಕುಲದ ಬೇರೆ ಪ್ರಭೇದಗಳು ನಮ್ಮ ಕಾರವಾರದ ಕಡೆಯ ಬಂಡೆಗಳ ಮೇಲೂ ಬೆಳೆಯುತ್ತವೆ. ಕಡಲಪಾಚಿಯ ಕೃಷಿ ಮತ್ತು ಆಹಾರದ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಪಾಚಿ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಹಾಕಿ ತೂಗದೆ ಪ್ರಭೇದ ಯಾವುದೆಂದು ಮೊದಲು ಕೇಳಬೇಕು. ಹಾಗೆಯೇ ಆರ್ಸೆನಿಕ್ಕಿನ ರೂಪ ಯಾವುದೆಂದು ಕೇಳದೆ ಬರೀ ಪ್ರಮಾಣವನ್ನು ಹೋಲಿಸುವುದು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸಾಕು. ಹಳೆಯ ಚಿನ್ನದ ಗಣಿಗಾರಿಕೆಯ ನೆಲದಲ್ಲಿರುವ ಆ ತಾಂಡಾದ ಜನ ಕುಡಿದದ್ದು ಅಂತರ್ಜಲದಲ್ಲಿ ಕರಗಿದ ನಿರವಯವ ಆರ್ಸೆನಿಕ್, ಅದಕ್ಕೆ ಯಾವ ಪಾಚಿಯೂ ಸಕ್ಕರೆಯ ಹೊದಿಕೆ ತೊಡಿಸಿರಲಿಲ್ಲ. ಅವರ ಅಂಗೈ ಅಂಗಾಲುಗಳ ಚರ್ಮ ಗಡುಸಾಗಿ ಗಂಟು ಕಟ್ಟಿತು. ಆರ್ಕ್ನಿಯ ಕುರಿ ದಿನಕ್ಕೆ ನುಂಗುವ ಮಿಲಿಗ್ರಾಂಗಳ ಲೆಕ್ಕ ಕೇಳಿ ಇಲ್ಲಿನ ಬಾವಿಯ ಮೈಕ್ರೋಗ್ರಾಂಗಳನ್ನು ಯಾರಾದರೂ ಹಗುರವಾಗಿ ತೆಗೆದುಕೊಂಡರೆ ಅದು ಅನ್ಯಾಯವಾಗುತ್ತದೆ.

ಮತ್ತೆ ದಡಕ್ಕೆ ಬರೋಣ. ಸಮುದ್ರದ ಜೀವಜಾಲದಲ್ಲಿ ಕೆಲ್ಪಿನ ಆರ್ಸೆನಿಕ್ ಮಾಡುವ ಪ್ರಯಾಣದ ದಾರಿ ಬಹುಮಟ್ಟಿಗೆ ತಿಳಿದಿದೆ. ಜೀವಂತ ಕೆಲ್ಪನ್ನು ನೇರವಾಗಿ ಮೇಯುವ ಪ್ರಾಣಿಗಳು ಕಡಿಮೆ. ಹೆಚ್ಚಿನ ಭಾಗ ಹರಿದು, ಸವೆದು, ಕೊಳೆತು ಚೂರುಗಳಾಗಿ ಆಹಾರ ಸರಪಳಿಯನ್ನು ಸೇರುತ್ತದೆ. ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕಡಿಯುತ್ತವೆ. ಚೂರು ತಿನ್ನುವ ಜೀವಿಗಳಲ್ಲಿ, ಅವುಗಳನ್ನು ತಿನ್ನುವ ಏಡಿ, ಸಿಗಡಿ, ಮೀನುಗಳಲ್ಲಿ ಆರ್ಸೆನಿಕ್ ಆರ್ಸೆನೋಬೀಟೇನಾಗಿ ನೆಲೆಯೂರುತ್ತದೆ. ಉಪ್ಪುನೀರಿನಲ್ಲಿ ಜೀವಕೋಶ ಬತ್ತದಂತೆ ಕಾಪಾಡುವ ಗ್ಲೈಸಿನ್ ಬೀಟೇನನ್ನು ಇದು ರಚನೆಯಲ್ಲಿ ಹೋಲುವುದರಿಂದ ಜೀವಿಗಳು ಇದನ್ನೂ ಅದೇ ಕೈಚೀಲಕ್ಕೆ ಹಾಕಿಕೊಳ್ಳುತ್ತವೆ ಎಂಬ ವಿವರಣೆ ನನಗೆ ಒಪ್ಪುವಂಥದ್ದು. ಪಾದರಸ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ದೊಡ್ಡ ಮೀನುಗಳಲ್ಲಿ ಸಾಂದ್ರವಾಗುವ ಹಾಗೆ ಆರ್ಸೆನಿಕ್ ಆಗುವುದಿಲ್ಲ, ಅದರ ಭಾರ ಹೆಚ್ಚಾಗಿ ಸರಪಳಿಯ ಬುಡದಲ್ಲೇ ಉಳಿಯುತ್ತದೆ. ಕೊನೆಗೆ ಸತ್ತ ದೇಹಗಳಲ್ಲಿನ ಆರ್ಸೆನೋಬೀಟೇನನ್ನು ಸೂಕ್ಷ್ಮಜೀವಿಗಳು ಕಳಚಿ ನಿರವಯವ ಆರ್ಸೆನಿಕ್ಕಾಗಿ ನೀರಿಗೆ ಮರಳಿಸುತ್ತವೆ ಎಂಬುದನ್ನು ಜಪಾನಿನ ಹನಾಓಕಾ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ಆ ನೀರಿನಿಂದ ಕೆಲ್ಪ್ ಅದನ್ನು ಮತ್ತೆ ಎತ್ತಿಕೊಳ್ಳುತ್ತದೆ.

ಈ ವೃತ್ತದಲ್ಲಿ ಕುರಿಯ ಪಾತ್ರ ಒಂದು ಅಡ್ಡದಾರಿಯದು. ತಿಂಗಳುಗಳಲ್ಲಿ ನಡೆಯಬೇಕಾದ ಕೊಳೆಯುವಿಕೆಯನ್ನು ಅದು ದಿನದೊಳಗೆ ಮುಗಿಸಿ, ಸಕ್ಕರೆ ಕಳೆದ ಆರ್ಸೆನಿಕ್ಕನ್ನು ಅದೇ ಬಂಡೆಗಳ ಮೇಲೆ, ಮುಂದಿನ ಉಬ್ಬರ ಬಂದು ತೊಳೆಯುವ ಜಾಗದಲ್ಲೇ ಸುರಿಯುತ್ತದೆ. ದ್ವೀಪದ ಸುತ್ತಲಿನ ಸಮುದ್ರಕ್ಕೆ ಎರಡು ಮೂರು ಸಾವಿರ ಕುರಿಗಳ ಈ ಕಾಣಿಕೆ ಲೆಕ್ಕಕ್ಕೆ ಸಿಗುವಷ್ಟಲ್ಲ, ಆದರೆ ನೋಡಲು ಸಿಗುತ್ತದೆ, ಅಳೆಯಲು ಸಿಗುತ್ತದೆ.

ಕುರಿಗಳು ಇದಕ್ಕೆ ಹೊಂದಿಕೊಂಡಿವೆಯೇ ಎಂಬ ಪ್ರಶ್ನೆಗೆ ಆರ್ಸೆನಿಕ್ಕಿಗಿಂತ ತಾಮ್ರ ಸ್ಪಷ್ಟವಾದ ಉತ್ತರ ಕೊಡುತ್ತದೆ. ಪಾಚಿಯಿಂದ ಕುರಿಗೆ ದಕ್ಕುವ ತಾಮ್ರ ಬಹಳ ಕಡಿಮೆ. ಈ ತಳಿ ಸಿಕ್ಕಷ್ಟನ್ನೂ ಹೀರಿಕೊಳ್ಳುವ ಸಾಮರ್ಥ್ಯ ಬೆಳೆಸಿಕೊಂಡಿದೆ, ಆದ್ದರಿಂದಲೇ ಇತರ ಕುರಿಗಳು ಆರಾಮವಾಗಿ ಮೇಯುವ ಹುಲ್ಲುಗಾವಲು ಕೂಡ ಇವುಗಳಿಗೆ ತಾಮ್ರದ ವಿಷವಾಗಿ ಪರಿಣಮಿಸಬಹುದು. ಅಂದರೆ ಪಾಷಾಣ ತುಂಬಿದ ದಡದಲ್ಲಿ ಕ್ಷೇಮವಾಗಿರುವ ಪ್ರಾಣಿಗೆ ಅಪಾಯವಿರುವುದು ಗೋಡೆಯೊಳಗಿನ ಹಸಿರಿನಲ್ಲಿ. 2012ರ ಡಿಸೆಂಬರಿನ ಬಿರುಗಾಳಿ ಗೋಡೆಯನ್ನು ಹಲವೆಡೆ ಕೆಡವಿದಾಗ ದ್ವೀಪದವರು ಅಷ್ಟು ಕಳವಳಗೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಭಾವಿಸುತ್ತೇನೆ. ಅಲ್ಲಿನ ಜನಸಂಖ್ಯೆಯಿಂದ ಅಷ್ಟುದ್ದದ ಗೋಡೆಯನ್ನು ಎತ್ತಿ ನಿಲ್ಲಿಸಲಾಗದು. 2016ರಿಂದ ಕುರಿ ಉತ್ಸವವೆಂಬ ಹೆಸರಿನಲ್ಲಿ ಹೊರಗಿನಿಂದ ಬರುವ ಸ್ವಯಂಸೇವಕರು ಬೇಸಿಗೆಯಲ್ಲಿ ಕಲ್ಲು ಹೊತ್ತು ಕೈಜೋಡಿಸುತ್ತಿದ್ದಾರೆ.

ಕೊನೆಯದಾಗಿ, ಫೆಲ್ಡ್‌ಮನ್ ಅಧ್ಯಯನದಲ್ಲಿ ಸುಲಭವಾಗಿ ಕಣ್ತಪ್ಪಿಹೋಗಬಹುದಾದ ಒಂದು ಸಂಖ್ಯೆಯಿದೆ. ಕೆಲವು ಕುರಿಗಳ ಮೂತ್ರದಲ್ಲಿ ಒಂದೇ ಮಿಥೈಲ್ ಗುಂಪುಳ್ಳ ಮಾನೋಮಿಥೈಲ್ ಆರ್ಸೋನಿಕ್ ಆಮ್ಲವೂ ಸಿಕ್ಕಿತ್ತು, ಗರಿಷ್ಠ ಲೀಟರಿಗೆ 259 ಮೈಕ್ರೋಗ್ರಾಂ. ಆರ್ಸೆನೋಶುಗರಿನಲ್ಲಿ ಮಿಥೈಲ್ ಗುಂಪುಗಳು ಎರಡು. ಸಸ್ತನಿಯ ದೇಹ ಅವುಗಳಲ್ಲಿ ಒಂದನ್ನು ಕಿತ್ತುಹಾಕಿದ್ದು ತಿಳಿದಿಲ್ಲ, ಆದರೆ ನಿರವಯವ ಆರ್ಸೆನಿಕ್ ಒಳಹೊಕ್ಕರೆ ಅದಕ್ಕೆ ಮೊದಲು ಒಂದನ್ನು, ಬಳಿಕ ಇನ್ನೊಂದನ್ನು ತೊಡಿಸುವುದು ದೇಹದ ಪರಿಚಿತ ಕ್ರಮ. ಆದ್ದರಿಂದ ಅಧ್ಯಯನಕಾರರು ಈ ಆಮ್ಲವನ್ನು ಕುರಿಗಳು ಸ್ವಲ್ಪ ನಿರವಯವ ಆರ್ಸೆನಿಕ್ಕನ್ನೂ ತಿಂದಿರುವುದರ ಗುರುತೆಂದು ಓದಿದರು. ಲ್ಯಾಮಿನೇರಿಯಾ ಡಿಜಿಟೇಟಾದ ಕೆಲವು ಮಾದರಿಗಳಲ್ಲಿ ನಿರವಯವ ಆರ್ಸೆನಿಕ್ ಗಣನೀಯವಾಗಿ ಇರುವುದು ನಂತರದ ವರ್ಷಗಳಲ್ಲಿ ಇತರ ಕರಾವಳಿಗಳಿಂದಲೂ ವರದಿಯಾಗಿದೆ, ಮತ್ತು ಅದು ಎಲೆಯ ಎಲ್ಲ ಭಾಗಗಳಲ್ಲೂ ಸಮನಾಗಿ ಹರಡಿರುವುದಿಲ್ಲ. ಇಳಿತದ ಹೊತ್ತಿಗೆ ಬಂಡೆಗಿಳಿದ ಕುರಿ ಎಳೆಯ ಬುಡವನ್ನು ಕಚ್ಚುತ್ತದೆಯೋ, ಸವೆದು ಹರಿದ ಹಳೆಯ ತುದಿಯನ್ನು ಕಚ್ಚುತ್ತದೆಯೋ ಎಂಬುದರ ಮೇಲೆ ಆ ದಿನದ ನಿಜವಾದ ಪಾಷಾಣದ ಪಾಲು ನಿರ್ಧಾರವಾಗುತ್ತದೆ.